ಎರಡು ನಿಮಿಷದ ನಿಲುಗಡೆಗೆ ಎಷ್ಟು ಚೀಲ? ಬೇಸಿಗೆ ಪ್ರವಾಸಕ್ಕೆ ಸಾಮಾನು ಕಟ್ಟುವ ಬಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಬೇಸಿಗೆ ರಜೆಯಲ್ಲಿ ದೂರದೂರಿಗೆ ಹೊರಡುವ ಮನೆಯವರು ಸಾಮಾನು ಕಟ್ಟಲು ಕುಳಿತಾಗ ಮೊದಲು ನೆನಪಿಸಿಕೊಳ್ಳಬೇಕಾದದ್ದು ರೈಲ್ವೆಯ ತೂಕದ ನಿಯಮವನ್ನಲ್ಲ, ನಮ್ಮ ನಿಲ್ದಾಣಗಳಲ್ಲಿ ರೈಲು ನಿಲ್ಲುವ ಸಮಯವನ್ನು. ನಿಯಮದ ಪ್ರಕಾರ ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ ಒಬ್ಬರಿಗೆ 40 ಕಿಲೋ, ಎರಡು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ 50 ಕಿಲೋ, ಸಾಮಾನ್ಯ ಎರಡನೇ ದರ್ಜೆಯಲ್ಲಿ 35 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಲೆಕ್ಕಕ್ಕೆ ನಾಲ್ವರ ಕುಟುಂಬ ಸ್ಲೀಪರಿನಲ್ಲಿ 160 ಕಿಲೋ ಹೊತ್ತು ಹೋಗಬಹುದು. ಆದರೆ ಕಾಸರಗೋಡಿನಿಂದಲೇ ಹೊರಡುವ ತಿರುವನಂತಪುರದ ವಂದೇ ಭಾರತಿನಂತಹ ರೈಲನ್ನು ಬಿಟ್ಟರೆ ಹೆಚ್ಚಿನ ರೈಲುಗಳಿಗೆ ಇದು ನಡುದಾರಿಯ ನಿಲ್ದಾಣ. ಒಂದೆರಡು ನಿಮಿಷದಲ್ಲಿ ಮಕ್ಕಳು, ಹಿರಿಯರು, ಗಂಟುಮೂಟೆ ಎಲ್ಲವೂ ಹತ್ತಿ ಆಗಿರಬೇಕು, ಹಿಂದಿರುಗುವಾಗ ಅಷ್ಟೇ ಹೊತ್ತಿನಲ್ಲಿ ಇಳಿದೂ ಆಗಿರಬೇಕು. ಹಾಗಾಗಿ ನಮಗೆ ತೂಕಕ್ಕಿಂತ ಎಣಿಕೆ ಮುಖ್ಯ.

ಈ ಮಾತನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಕೆಲವು ವರ್ಷಗಳ ಹಿಂದೆ ನಾವು ಏಳು ಚೀಲಗಳೊಂದಿಗೆ ಹೋಗಿ, ಊರಿನ ಪ್ಲಾಟ್‌ಫಾರಂನಲ್ಲಿ ಇಳಿದು ಎಣಿಸುವಾಗ ಆರೇ ಇದ್ದವು. ಸೀಟಿನ ಅಡಿಯಲ್ಲಿ ಉಳಿದು ಮುಂದೆ ಹೋದದ್ದು, ಹೊರಡುವ ಕೊನೆಯ ಗಳಿಗೆಯಲ್ಲಿ ‘ಇದೊಂದು ಇರಲಿ’ ಎಂದು ಸೇರಿಸಿಕೊಂಡ ಬಟ್ಟೆಯ ಕೈಚೀಲ. ಅಮ್ಮನ ರಕ್ತದೊತ್ತಡದ ಮಾತ್ರೆಗಳು ಅದರಲ್ಲಿಯೇ ಇದ್ದವು. ಅಂದಿನಿಂದ ನಮ್ಮ ಮನೆಯ ಕಟ್ಟಳೆ ಇಷ್ಟು: ಸಾಮಾನು ಎತ್ತಬಲ್ಲವರು ಎಷ್ಟು ಮಂದಿಯೋ ಅಷ್ಟು ಚೀಲ, ಅದರ ಮೇಲೆ ಬುತ್ತಿಯದು ಒಂದು. ಹೊರಡುವ ಮುಂಚಿನ ರಾತ್ರಿ ಪ್ರತಿಯೊಬ್ಬರೂ ತಮ್ಮ ಚೀಲವನ್ನು ಅಂಗಳದಿಂದ ಜಗಲಿಗೆ ಮೆಟ್ಟಿಲು ಹತ್ತಿಸಿ ತೋರಿಸಬೇಕು. ಒಂದೇ ಕೈಯಲ್ಲಿ ಎತ್ತಲು ಆಗದ ಚೀಲವನ್ನು ಬಿಚ್ಚಿ ಹಗುರ ಮಾಡುವುದಲ್ಲದೆ ಬೇರೆ ದಾರಿ ಇಲ್ಲ, ಏಕೆಂದರೆ ಗಾಲಿಯ ಸೂಟ್‌ಕೇಸ್ ಪ್ಲಾಟ್‌ಫಾರಂನಲ್ಲಿ ಚೆನ್ನಾಗಿಯೇ ಉರುಳಿದರೂ ಮೇಲ್ಸೇತುವೆಯ ಮೆಟ್ಟಿಲಲ್ಲಿಯೂ ಹಂಪಿಯ ಕಲ್ಲುಹಾಸಿನಲ್ಲಿಯೂ ಅದನ್ನು ಹೊರಲೇಬೇಕಾಗುತ್ತದೆ.

ಚೀಲ ಉಬ್ಬುವುದು ಬಟ್ಟೆಯಿಂದ. ನಾವು ಕರಾವಳಿಯವರು ಅಗತ್ಯಕ್ಕಿಂತ ಹೆಚ್ಚು ಬಟ್ಟೆ ತುಂಬುವುದಕ್ಕೆ ಒಂದು ಕಾರಣವಿದೆ. ಇಲ್ಲಿಯ ತೇವದ ಗಾಳಿಯಲ್ಲಿ ಒಗೆದ ಬಟ್ಟೆ ರಾತ್ರಿ ಬೆಳಗಾದರೂ ಒದ್ದೆ ಒದ್ದೆಯಾಗಿಯೇ ಇರುವುದನ್ನು ಕಂಡವರಿಗೆ ‘ಅಲ್ಲಿ ಒಗೆದು ಹಾಕಿದರಾಯಿತು’ ಎಂಬ ಧೈರ್ಯ ಬರುವುದಿಲ್ಲ. ಆದರೆ ಹಂಪಿ, ಬಾದಾಮಿ, ವಿಜಯಪುರದ ಕಡೆಯ ಒಣಬಿಸಿಲಿಗೆ ಹತ್ತಿಯ ಅಂಗಿ ಒಂದೆರಡು ಗಂಟೆಯಲ್ಲಿ ಗರಿಗರಿಯಾಗಿ ಒಣಗುತ್ತದೆ. ಆದ್ದರಿಂದ ಐದಾರು ದಿನದ ಒಳನಾಡಿನ ಪ್ರವಾಸಕ್ಕೆ ಮೈಮೇಲಿನದನ್ನು ಬಿಟ್ಟು ಮೂರು ಜೊತೆ, ಒಗೆಯಲು ಒಂದು ಸಣ್ಣ ಸಾಬೂನು, ಕಟ್ಟಲು ಎರಡು ಮಾರು ಹಗ್ಗ ಧಾರಾಳವಾಗಿ ಸಾಕು. ಕರಾವಳಿಯಲ್ಲಿಯೇ, ಗೋವಾಕ್ಕೋ ತಿರುವನಂತಪುರಕ್ಕೋ ಹೋಗುವವರು ಮಾತ್ರ ಇನ್ನೆರಡು ಜೊತೆ ಸೇರಿಸಿಕೊಳ್ಳುವುದು ಒಳ್ಳೆಯದು. ಜೀನ್ಸ್ ಬೇಡವೇ ಬೇಡ. ಭಾರ, ಬೆವರಿಗೆ ಅಂಟುತ್ತದೆ, ಒಣಗುವುದಿಲ್ಲ.

ಟರ್ಕಿ ಟವೆಲಿನ ಬದಲು ಬೈರಾಸು ಒಯ್ಯಿರಿ ಎಂದು ಹೇಳಿದರೆ ಮಕ್ಕಳು ನಗಬಹುದು. ಆದರೆ ತೆಳುವಾದ ಹತ್ತಿಯ ಒಂದು ಬೈರಾಸು ಮಡಚಿದರೆ ಅಂಗೈಯಗಲ ಆಗುತ್ತದೆ, ಮೈ ಒರೆಸಿ ರೈಲಿನ ಕೊಕ್ಕೆಗೆ ತೂಗುಹಾಕಿದರೆ ಮುಂದಿನ ಎರಡು ಮೂರು ನಿಲ್ದಾಣಗಳೊಳಗೆ ಒಣಗಿರುತ್ತದೆ, ಮಧ್ಯಾಹ್ನ ನೀರಿನಲ್ಲಿ ಅದ್ದಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡರೆ ತಂಪು ಕೊಡುತ್ತದೆ, ಬಿಸಿಲೇರಿದರೆ ಮುಂಡಾಸೂ ಆಗುತ್ತದೆ. ದಪ್ಪ ಟವೆಲ್ ಒಂದರ ಜಾಗದಲ್ಲಿ ಇಂತಹ ನಾಲ್ಕು ಹಿಡಿಯುತ್ತವೆ. ಹೆಂಗಸರಿಗೆ ನಮ್ಮೂರಿನ ಕಾಸರಗೋಡು ಹತ್ತಿ ಸೀರೆಯೂ ಬಿಸಿಲಿನ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು, ಇಸ್ತ್ರಿಯ ಚಿಂತೆ ಇಲ್ಲದವರಾದರೆ.

ತುಂಬುವಾಗ ಬಟ್ಟೆಯನ್ನು ಮಡಚುವ ಬದಲು ಬಿಗಿಯಾಗಿ ಸುರುಳಿ ಸುತ್ತಿ, ಒಂದು ದಿನದ ಜೊತೆಯನ್ನು ಒಂದೇ ಸುರುಳಿಯಾಗಿ ಮಾಡಿದರೆ ಬೇಕಾದ ಅಂಗಿಗಾಗಿ ಇಡೀ ಚೀಲವನ್ನು ಕೆದಕುವ ಕೆಲಸ ತಪ್ಪುತ್ತದೆ. ಗಾಲಿಯ ಚೀಲವಾದರೆ ಭಾರದವು ಗಾಲಿಯ ಕಡೆಗೆ, ಬೆನ್ನಿಗೆ ಹಾಕುವುದಾದರೆ ಬೆನ್ನಿಗೆ ತಾಗಿಕೊಂಡು ಇರಬೇಕು. ಎಣ್ಣೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಮೇ ತಿಂಗಳ ಬಿಸಿಗೆ ನೀರಿನಂತೆ ತೆಳುವಾಗಿ ಮುಚ್ಚಳದ ತಿರುಪಿನ ಮೂಲಕ ಹೊರಗೆ ಜಿನುಗುತ್ತದೆ, ಊಟಿಯ ಬೆಳಗಿನ ಚಳಿಗೆ ಅದೇ ಬಾಟಲಿಯನ್ನು ಬೋರಲು ಹಾಕಿದರೂ ಒಂದು ತೊಟ್ಟು ಬೀಳುವುದಿಲ್ಲ. ಅಗಲ ಬಾಯಿಯ ಸಣ್ಣ ಡಬ್ಬಿಯಲ್ಲಿ ತುಂಬಿ, ಬಾಯಿಗೆ ತೆಳು ಪ್ಲಾಸ್ಟಿಕ್ಕಿನ ತುಂಡನ್ನು ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿದರೆ ಎರಡೂ ಕಷ್ಟ ನೀಗುತ್ತದೆ.

ಔಷಧಿ, ಗುರುತಿನ ಚೀಟಿ, ಹಣ, ಫೋನಿನ ಚಾರ್ಜರ್ ಇವು ಯಾವಾಗಲೂ ಮೈಗೆ ತಗಲಿಕೊಂಡಿರುವ ಸಣ್ಣ ಚೀಲದಲ್ಲಿರಲಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಮೂರು ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡು, ವೈದ್ಯರ ಚೀಟಿಯ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು. ಇನ್ಸುಲಿನ್ ಇದ್ದರೆ ಅದನ್ನು ನಿಲ್ಲಿಸಿದ ಕಾರಿನೊಳಗೆ ಬಿಡಬಾರದು, ಮಂಜುಗಡ್ಡೆಗೆ ನೇರವಾಗಿ ತಾಗಿಸಲೂಬಾರದು. ಓಆರ್‌ಎಸ್ ಪುಡಿಯ ನಾಲ್ಕೈದು ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪನ್ನು ಸಮತಟ್ಟಾಗಿ ಅಳೆದು ಕರಗಿಸಬಹುದು, ಉಪ್ಪು ಹೆಚ್ಚಾಗಬಾರದು.

ನೀರಿನ ವಿಷಯದಲ್ಲಿಯೂ ನಮಗೆ ಒಂದು ಭ್ರಮೆ ಇದೆ. ಊರಿನಲ್ಲಿ ಬೆವರು ಸುರಿಯುವುದು ಕಣ್ಣಿಗೆ ಕಾಣುವುದರಿಂದ ನೀರು ಕುಡಿಯುತ್ತೇವೆ. ಒಣಹವೆಯ ಊರಿನಲ್ಲಿ ಬೆವರು ಬಂದಂತೆಯೇ ಆರಿಹೋಗುವುದರಿಂದ ‘ಇಲ್ಲಿ ಸೆಕೆಯೇ ಇಲ್ಲ’ ಎಂದು ಹಿಗ್ಗುತ್ತಾ ಮಧ್ಯಾಹ್ನದವರೆಗೆ ತಿರುಗಾಡಿ, ಸಂಜೆ ತಲೆನೋವು ಹಿಡಿದು ಮಲಗುತ್ತೇವೆ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲಲಿಲ್ಲ ಎಂದೇ ತಿಳಿಯಬೇಕು. ಅಲ್ಲಿ ನೋಡುವ ಕೆಲಸವನ್ನು ಬೆಳಗ್ಗೆ ಹತ್ತು ಗಂಟೆಯೊಳಗೆ ಮತ್ತು ಸಂಜೆ ನಾಲ್ಕರ ನಂತರ ಇಟ್ಟುಕೊಂಡು, ನಡುವಿನ ಹೊತ್ತು ನೆರಳಿನಲ್ಲಿ ಮಲಗುವುದು ಸೋಮಾರಿತನವಲ್ಲ.

ಬುತ್ತಿಗೆ ತೆಂಗಿನಕಾಯಿ ಹಾಕಿದ ಹಸಿ ಚಟ್ನಿ, ಪಲ್ಯ ಒಯ್ಯಬೇಡಿ. ಈ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಚಪಾತಿ, ಎಣ್ಣೆ ಸವರಿದ ಇಡ್ಲಿ, ಚಟ್ನಿಪುಡಿ, ಅವಲಕ್ಕಿ, ಹಲಸಿನಕಾಯಿಯ ಸೋಂಟೆ (ಚಿಪ್ಸ್), ಮಾಂಬಳ (ಒಣಗಿಸಿದ ಮಾವಿನ ರಸದ ಹಾಳೆ) ಇವು ನಂಬಿಕೆಗೆ ಯೋಗ್ಯವಾದವು. ಬಾಳೆಲೆಯನ್ನು ಉರಿಯ ಮೇಲೆ ಹಿಡಿದು, ಬಣ್ಣ ಬದಲಾಗಿ ಮೆತ್ತಗಾಗುವಷ್ಟು ಬಾಡಿಸಿಕೊಂಡರೆ ಕಟ್ಟುವಾಗ ಸೀಳುವುದಿಲ್ಲ. ಕಟ್ಟುವ ಮೊದಲು ಇಡ್ಲಿ ಪೂರ್ತಿ ತಣಿದಿರಬೇಕು, ಇಲ್ಲವಾದರೆ ಒಳಗೆ ಬೆವರಿ ಅಂಟುತ್ತದೆ. ತಿಂದ ಮೇಲೆ ತೊಳೆಯುವ ಪಾತ್ರೆಯೂ ಇಲ್ಲ, ಹಿಂದಿರುಗುವಾಗ ಹೊರುವ ಖಾಲಿ ಡಬ್ಬಿಯೂ ಇಲ್ಲ. ಪುನರ್ಪುಳಿಯ (ಕೋಕಂ) ಒಣ ಸಿಪ್ಪೆ ಒಂದು ಹಿಡಿ ಜೊತೆಗಿದ್ದರೆ, ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಸಕ್ಕರೆ ಸೇರಿಸಿ ಶರಬತ್ತು ಮಾಡಿಕೊಳ್ಳಬಹುದು.

ರೈಲಿನ ಮುಂಗಡ ಟಿಕೆಟು 2024ರ ನವೆಂಬರ್ 1ರಿಂದ 60 ದಿನ ಮೊದಲು ಸಿಗುತ್ತದೆ, ಅಂದರೆ ಏಪ್ರಿಲ್ ಮಧ್ಯದ ವಿಷು ಹಬ್ಬ ಕಳೆದು ಹೊರಡುವವರು ಫೆಬ್ರವರಿ ಮಧ್ಯದಲ್ಲಿಯೇ ಎಚ್ಚರವಾಗಿರಬೇಕು. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟು ಬೇಕಿಲ್ಲ. ಐದರಿಂದ ಹನ್ನೆರಡರ ಮಕ್ಕಳಿಗೆ ಬರ್ತ್ ಕೇಳಿದರೆ ಪೂರ್ಣ ದರ ಆಗುತ್ತದೆ. ರಾತ್ರಿ ಪ್ರಯಾಣಕ್ಕೆ ಮಕ್ಕಳಿಗೆ ಬರ್ತ್ ತೆಗೆದುಕೊಳ್ಳುವುದರಲ್ಲಿ ಹಣ ಉಳಿಸಲು ಹೋಗಬೇಡಿ, ಒಂದೇ ಬರ್ತಿನಲ್ಲಿ ಮಲಗಿದರೆ ಮಗುವಿಗೂ ದೊಡ್ಡವರಿಗೂ ನಿದ್ದೆ ಇರುವುದಿಲ್ಲ. ನಡುವಿನ ಬರ್ತನ್ನು ಬಿಡಿಸಿ ಮಲಗುವ ಅಧಿಕೃತ ಸಮಯ ರಾತ್ರಿ 10ರಿಂದ ಬೆಳಗ್ಗೆ 6. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಸಾಕೆಟ್ಟುಗಳಿಗೆ ವಿದ್ಯುತ್ ಇಲ್ಲದಿರಬಹುದು, ಆದ್ದರಿಂದ ಊಟಕ್ಕೆ ಮೊದಲೇ ಫೋನನ್ನು ಚಾರ್ಜ್ ಮಾಡಿಕೊಳ್ಳಿ. ತೊಂದರೆಯಾದರೆ ರೈಲ್ವೆಯ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು.

ಕಾರಿನಲ್ಲಿ ಹೋಗುವವರಿಗೆ ಎತ್ತುವ ಚಿಂತೆ ಕಡಿಮೆ, ಘಾಟಿಯ ಚಿಂತೆ ಹೆಚ್ಚು. ಚೆರ್ಕಳದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯದ ಮೂಲಕ ಮಡಿಕೇರಿಗೆ ಹೋಗುವಾಗ ಸಂಪಾಜೆಯ ತಿರುವುಗಳಲ್ಲಿ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡುವುದು ಹೆಚ್ಚುಕಡಿಮೆ ಖಚಿತ. ಹೊಟ್ಟೆ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಒಂದು ಇಡ್ಲಿ ಸಾಕು. ಫೋನನ್ನು ಕಿತ್ತುಕೊಂಡು, ಕಿಟಕಿ ಸ್ವಲ್ಪ ಇಳಿಸಿ, ಮುಂದಿನ ರಸ್ತೆಯನ್ನೇ ನೋಡುವಂತೆ ಕುಳ್ಳಿರಿಸಿ, ಶುಂಠಿಯ ಚೂರೊಂದನ್ನು ಬಾಯಲ್ಲಿ ಇಟ್ಟುಕೊಳ್ಳಲು ಹೇಳಿ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಸುಳ್ಯ ಬರುವ ಮೊದಲೇ ಕೊಡಬೇಕು. ಹೊಟ್ಟೆ ತೊಳಸಲು ಆರಂಭವಾದ ಮೇಲೆ ನುಂಗಿಸಿ ಪ್ರಯೋಜನವಿಲ್ಲ. ಮಡಿಕೇರಿಯಿಂದ ಇಳಿಯುವಾಗ ಬ್ರೇಕನ್ನೇ ಒತ್ತುತ್ತಾ ಬಾರದೆ, ಕೆಳಗಿನ ಗೇರಿನಲ್ಲಿ ವಾಹನವನ್ನು ತಡೆದುಕೊಳ್ಳಬೇಕು.

ಅಲ್ಲಿಂದ ಮುಂದೆ ಮೈಸೂರು ದಾಟಿ ಊಟಿಗೆ ಹೋಗುವವರು ಮೂರು ಸಂಗತಿಗಳನ್ನು ಮನೆಯಲ್ಲಿಯೇ ಸರಿಮಾಡಿಕೊಳ್ಳಬೇಕು. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೂ ಕೊಡೈಕನಾಲಿಗೂ ಹೊರಗಿನ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂದಿದ್ದು, ಅದನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ, ಸಣ್ಣ ನೀರಿನ ಬಾಟಲಿಗಳಿಗೂ ಸೇರಿ, ನೀಲಗಿರಿಯಲ್ಲಿ ನಿಷೇಧವಿದೆ. ಸ್ಟೀಲಿನ ಬಾಟಲಿ ತುಂಬಿಕೊಂಡು ಹೋಗಿ. ಸ್ವೆಟರನ್ನು ಚೀಲದ ತಳದಲ್ಲಿ ಹುಗಿಯದೆ ಮೇಲೆಯೇ ಇಡಿ, ಗೂಡಲೂರು ದಾಟಿದೊಡನೆ ಬೇಕಾಗುತ್ತದೆ.

ರಜೆಗೆ ಗಲ್ಫಿನಲ್ಲಿರುವ ಮನೆಯವರ ಬಳಿಗೆ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಹಾರುವವರು ನಮ್ಮಲ್ಲಿ ಬಹಳ ಮಂದಿ. ಅವರು ಗಸಗಸೆಯನ್ನು ಒಂದು ಚಮಚವೂ ಒಯ್ಯಬಾರದು. ಇಲ್ಲಿ ಪಾಯಸಕ್ಕೆ ಹಾಕುವ ಈ ವಸ್ತು ಯುಎಇಯಲ್ಲಿ ನಿಷಿದ್ಧ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮು, ನೋವಿನ ಔಷಧಿಗಳಿಗೂ ಅಲ್ಲಿ ಕಟ್ಟುನಿಟ್ಟಿದೆ. ಕೊಬ್ಬರಿ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನಕ್ಕೆ ಸಲ್ಲುವುದಿಲ್ಲ. ಮಿಡಿ ಉಪ್ಪಿನಕಾಯಿ ಸಾಮಾನಿನ ಪೆಟ್ಟಿಗೆಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ, ಇದು ಅದಲುಬದಲಾಗಬಾರದು.

ಮನೆಗೆ ಬೀಗ ಹಾಕುವ ಮೊದಲು ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಟಿವಿ, ಇಂಟರ್ನೆಟ್ ಪೆಟ್ಟಿಗೆ, ಪಂಪಿನ ವಯರುಗಳನ್ನು ಕಳಚಿಡಿ. ಏಪ್ರಿಲ್, ಮೇ ತಿಂಗಳ ಸಂಜೆ ಬರುವ ಗುಡುಗುಮಳೆಯ ಸಿಡಿಲಿಗೆ ಇಲ್ಲಿ ಸುಟ್ಟುಹೋದ ಉಪಕರಣಗಳಿಗೆ ಲೆಕ್ಕವಿಲ್ಲ. ಅಂಗಳದಲ್ಲಿ ಅಡಿಕೆ ಹರವಿದ್ದರೆ ಅದನ್ನು ಒಳಗೆ ಹಾಕದೆ ಹೊರಡಬಾರದೆಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಶಾಲೆ ತೆರೆಯುವ ಹೊತ್ತಿಗೆ, ಮೇ ಕೊನೆಯಲ್ಲಿ ಹಿಂದಿರುಗುವವರಿಗೆ ಮಳೆ ನಿಲ್ದಾಣದಲ್ಲಿಯೇ ಎದುರಾಗಬಹುದು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಆದ್ದರಿಂದ ಕೊನೆಯ ರಾತ್ರಿ ಚೀಲ ಕಟ್ಟುವಾಗ ಕೊಡೆಯನ್ನು ತಳದಿಂದ ತೆಗೆದು ಮೇಲಿಡಿ, ಬಟ್ಟೆಯ ಸುರುಳಿಗಳನ್ನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ತುರುಕಿ. ಉತ್ತರದಿಂದ ಬರುವ ರೈಲಾದರೆ ಕುಂಬಳೆ ಕಳೆಯುವ ಮೊದಲೇ, ದಕ್ಷಿಣದಿಂದಾದರೆ ಕಾಞಂಗಾಡು ಬಿಟ್ಟೊಡನೆ, ಸೀಟಿನ ಅಡಿಗೆ ಬಗ್ಗಿ ಟಾರ್ಚ್ ಹಾಯಿಸಿ, ಚೀಲಗಳನ್ನು ಬಾಗಿಲ ಬಳಿಗೆ ತಂದು ಎಣಿಸಿಕೊಳ್ಳಿ.