ಎಕ್ಸ್‌ಕವೇಟರ್ ಇಲ್ಲದೆ ಹಳ್ಳಕ್ಕೆ ಮರ ಕೂರಿಸಿದ್ದು: ನನ್ನ ಅನುಭವ

2024ರ ನವೆಂಬರ್‌ನಲ್ಲಿ ನಮ್ಮ ಹಳ್ಳದಲ್ಲಿ ಕೋಹೋ ಸಾಲ್ಮನ್‌ಗಳ, ಅಂದರೆ ಸಮುದ್ರದಿಂದ ಹಳ್ಳಕ್ಕೆ ಬಂದು ಮೊಟ್ಟೆ ಇಡುವ ಮೀನುಗಳ, ಮೊಟ್ಟೆಗುಂಡಿ ಎಣಿಸಿದೆವು. 600 ಮೀಟರ್‌ನಲ್ಲಿ 14 ಗುಂಡಿ. ಜಲ್ಲಿ ನಿಲ್ಲಲಿ ಅಂತ ಹಳ್ಳಕ್ಕೆ ಅಡ್ಡ ಮರ ಕೂರಿಸುವ ಕೆಲಸ ಶುರುಮಾಡುವ ಮೊದಲು ಅದೇ ಜಾಗದಲ್ಲಿ ಒಂದು ಸಿಕ್ಕಿದರೆ ಹೆಚ್ಚು. ಉಕ್ಕಿನ ಕೇಬಲ್ ಇಲ್ಲ, ದೊಡ್ಡ ಯಂತ್ರ ಇಲ್ಲ. ನಾಲ್ಕು ಜನ, ಕೈಯಿಂದ ತಿರುಗಿಸಿ ಹಗ್ಗ ಎಳೆಯುವ ವಿಂಚ್ ಎರಡು, ಒಂದು ಗರಗಸ. ‘ಮೊದಲ ಮಳೆಗೇ ಕೊಚ್ಚಿಕೊಂಡು ಹೋಗುತ್ತೆ’ ಅಂದವರು ಬಹಳ ಜನ. ಈಗ ಅವರಲ್ಲೇ ಇಬ್ಬರು ಬಂದು ನೋಡಿಕೊಂಡು ಹೋದರು. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಜಾಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪೆನಿನ್ಸುಲಾ (ಪರ್ಯಾಯ ದ್ವೀಪ), ಹೋ ನದಿಯ ಕಡೆ. ವರ್ಷಕ್ಕೆ 3,500 ಮಿ.ಮೀ. ಹತ್ತಿರ ಮಳೆ. ನಾನು ತೀರ್ಥಹಳ್ಳಿ ಕಡೆಯವನು, ಮಳೆ ಹೊಸದಲ್ಲ. ಆದರೆ ಇಲ್ಲಿ ಅದು ಚಳಿಗಾಲದಲ್ಲಿ ಬರುತ್ತದೆ, ಮೀನು ಸಮುದ್ರದಿಂದ ವಾಪಸ್ ಬರುವ ಹೊತ್ತಿಗೇ. ಫೋರ್ಕ್ಸ್ ಪಟ್ಟಣದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಲಿಂಪಿಕ್ ನ್ಯಾಚುರಲ್ ರಿಸೋರ್ಸಸ್ ಸೆಂಟರ್ ಇದೆ. ರಾಜ್ಯದ ಅರಣ್ಯದವರ ಜೊತೆ ಸೇರಿ ಅವರು ನಡೆಸುತ್ತಿರುವ, ಟಿ3 ಅನ್ನುವ ಅರಣ್ಯ ನಿರ್ವಹಣೆಯ ಪ್ರಯೋಗದಲ್ಲಿ 16 ಹಳ್ಳಗಳ ಜಲಾನಯನ ಇವೆ. ನಾನಿರುವುದು ಬೇರೆ, ಸಣ್ಣ ಕೇಂದ್ರ. ನಮಗೆ ಸಿಕ್ಕಿದ್ದು ಒಂದೇ ಹಳ್ಳ, ಐದು ಮೀಟರ್ ಅಗಲ.

ಆ ಹಳ್ಳದ ಕಷ್ಟ ಹಳೆಯದು. 1950ರಿಂದ 70ರ ದಶಕದವರೆಗೆ ‘ಮೀನಿಗೆ ಅಡ್ಡಿ’ ಅಂತ ಹಳ್ಳಗಳಲ್ಲಿ ಬಿದ್ದ ಮರಗಳನ್ನು ಎಳೆದು ತೆಗೆದರು. ಮರ ಹೋಯಿತು, ಅದರ ಹಿಂದೆ ನಿಂತ ಜಲ್ಲಿಯೂ ಹೋಯಿತು. ಉಳಿದದ್ದು ಬೋಳು ಬಂಡೆ. ನಿಂಬೆಹಣ್ಣಿನ ಗಾತ್ರದ ಕಲ್ಲಿಲ್ಲದೆ ಕೋಹೋ ಎಲ್ಲಿ ಮೊಟ್ಟೆ ಇಡಬೇಕು?

ಮತ್ತೆ ಮರ ಕೂರಿಸಲು ಯಂತ್ರದ ಗುತ್ತಿಗೆದಾರರು ಹೇಳಿದ ರೇಟು ಸುಮಾರು 95,000 ಡಾಲರ್. ಅದರಲ್ಲಿ ಅರ್ಧದಷ್ಟು ಬರೀ ದಾರಿ ಮಾಡುವುದಕ್ಕೆ. ನಮ್ಮ ಹತ್ತಿರ ಇದ್ದದ್ದು 25,000.

2020ರ ಬೇಸಿಗೆಯಲ್ಲಿ ಮೊದಲ ಪ್ರಯತ್ನ. ದಂಡೆಯಲ್ಲೇ ಇದ್ದ ಕೆಂಪು ಆಲ್ಡರ್ ಮರ ಕಡಿದು, ಐದಾರು ಮೀಟರ್ ತುಂಡು ಮಾಡಿ, 18 ಕಡೆ ಅಡ್ಡ ಹಾಕಿದೆವು. ಕೈಯಲ್ಲಿ ಎತ್ತಲು ಸುಲಭ ಅಂತ ರೆಂಬೆ ಸವರಿದ್ದೆವು. ಅದೇ ದೊಡ್ಡ ತಪ್ಪು. ನವೆಂಬರ್‌ನ ಒಂದೇ ನೆರೆಗೆ 13 ಹೋದವು. ಹೋದದ್ದಷ್ಟೇ ಅಲ್ಲ, ಕೆಳಗಿನ ರಸ್ತೆಯ ಮೋರಿಗೆ ಹೋಗಿ ಸಿಕ್ಕಿಕೊಂಡವು. ರಾತ್ರಿ ಎರಡು ಗಂಟೆಗೆ ಫೋನು. ಬೆಳಗಾಗುವಷ್ಟರಲ್ಲಿ ನೀರು ರಸ್ತೆಯ ಮಣ್ಣು ತಿನ್ನುತ್ತಿತ್ತು. ಮೋರಿ ಬಿಡಿಸಲು 3,800 ಡಾಲರ್ ಆಯಿತು, ಮೊದಲೇ ಖರ್ಚಾಗಿದ್ದ 7,000ದ ಮೇಲೆ. ನೀರಿನ ತಾಪಮಾನ ದಾಖಲಿಸುವ ನಾಲ್ಕು ಲಾಗರ್‌ಗಳೂ ಹೋದವು, ಒಂದಕ್ಕೆ 130ರ ಲೆಕ್ಕ. ಆ ಚಳಿಗಾಲದಲ್ಲಿ ಮೀಟಿಂಗಿಗೆ ಹೋಗುವುದೇ ಕಷ್ಟವಾಗಿತ್ತು.

ರಜೆಗೆ ಊರಿಗೆ ಬಂದಾಗ ದಕ್ಷಿಣ ಕನ್ನಡದ ನೆಂಟರ ಅಡಿಕೆ ತೋಟದ ಕಟ್ಟ ನೋಡಿದೆ. ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಕಟ್ಟುವ ಆ ಕಟ್ಟದಲ್ಲಿ ಎಲ್ಲಾ ಜಾಣ್ಮೆ ನೀರನ್ನು ನಿಲ್ಲಿಸುವುದಕ್ಕೆ. ಮಳೆಗಾಲದಲ್ಲಿ ಅದು ಹೋದರೂ ಚಿಂತೆಯಿಲ್ಲ. ನನಗೆ ಬೇಕಾದದ್ದು ಸರಿಯಾಗಿ ಉಲ್ಟಾ: ನೀರು ಸೋರಬೇಕು, ಮರ ನಿಲ್ಲಬೇಕು. ಮೊದಲ ವರ್ಷ ನಾನು ತಿಳಿಯದೆ ಕಟ್ಟವನ್ನೇ ಕಟ್ಟಿದ್ದೆ, ನೀರಿಗೆ ಎದೆ ಕೊಟ್ಟು.

2021ರಲ್ಲಿ ಎಲ್ಲಾ ಬದಲಾಯಿಸಿದೆ. ಮರದ ಉದ್ದ ಹಳ್ಳದ ಅಗಲದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ 11-12 ಮೀಟರ್. ಆಲ್ಡರ್ ಬೇಗ ಕೊಳೆಯುತ್ತದೆ, ಬೇಡ. ಹೆಮ್‌ಲಾಕ್ ಮತ್ತು ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರಗಳು, ರೆಂಬೆ ಸಮೇತ. ಪಕ್ಕದಲ್ಲಿ ಕೆಲವು ಮರ ಕಡಿದು ಕಾಡನ್ನು ವಿರಳ ಮಾಡುತ್ತಿದ್ದವರು ಮರದ ತುದಿಗಳನ್ನು ಪುಕ್ಕಟೆ ಕೊಟ್ಟರು. ಸೀಡರ್ ಮರದ ಬುಡ ಮಾತ್ರ ಆರು ಕೊಂಡೆ, ದುಬಾರಿ, ಆದರೆ ದಶಕಗಟ್ಟಲೆ ಇರುತ್ತದೆ. ಪ್ರತಿ ಮರದ ಒಂದು ತುದಿಯನ್ನು ದಂಡೆಯ ಎರಡು ಜೀವಂತ ಮರಗಳ ನಡುವೆ ಸಿಕ್ಕಿಸಿದೆವು. ವಿಂಚ್ ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಮೊದಲ ಮರ ಯಾವ ಕೋನಕ್ಕೆ, ಎರಡನೆಯದು ಅದರ ಮೇಲೋ ಕೆಳಗೋ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ವರ್ಷ ಮತ್ತು 10,000 ಡಾಲರ್ ಹಿಡಿದಿದೆ. ಜೊತೆಗೆ ಹಳ್ಳಕ್ಕೆ ಇಳಿಯುವವರಿಗೆ ಖಂಡಿತ ತೋರಿಸುತ್ತೇನೆ.

22 ಕಡೆ ಕೂರಿಸಿದೆವು. ಒಟ್ಟು 14,000 ಡಾಲರ್, ಅಂದರೆ ಒಂದಕ್ಕೆ 640ರ ಆಸುಪಾಸು. ಇವತ್ತಿಗೂ 19 ನಿಂತಿವೆ. ಕೆಲವು ನಾಲ್ಕೈದು ಮೀಟರ್ ಜರುಗಿ ತಾವೇ ಒಳ್ಳೆಯ ಜಾಗ ಹುಡುಕಿಕೊಂಡಿವೆ. ಯಂತ್ರದಲ್ಲಿ ಮಾಡಿಸಿದ ಪಕ್ಕದ ಹಳ್ಳಕ್ಕಿಂತ ನಮ್ಮದರಲ್ಲಿ ಜಲ್ಲಿ ಜಾಸ್ತಿ ನಿಂತಿದೆ, ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಒಂದೆರಡು ಸಣ್ಣ ಪ್ರಯೋಗ ಮಾಡಿದೆ. ಮರ ಬಿಗಿಯಲು ಉಕ್ಕಿನ ಕೇಬಲ್ ಬದಲು ತೆಂಗಿನ ನಾರಿನ ಹಗ್ಗ ಕಟ್ಟಿ ನೋಡಿದೆ. ಎರಡು ಚಳಿಗಾಲಕ್ಕೆ ಕೊಳೆಯಿತು. ಆದರೆ ಅಷ್ಟರಲ್ಲಿ ಜಲ್ಲಿ ತುಂಬಿ ಮರ ಗಟ್ಟಿಯಾಗಿ ಕೂತಿತ್ತು. ಕೇಬಲ್ ಆಗಿದ್ದರೆ ಹಳ್ಳದಲ್ಲಿ ಉಕ್ಕು ಉಳಿಯುತ್ತಿತ್ತು, ಅಲ್ವಾ? ಕಲ್ಲು ಎಲ್ಲಿ ನಿಲ್ಲುತ್ತದೆ ನೋಡಲು ಕಿತ್ತಳೆ ಬಣ್ಣ ಹಚ್ಚಿದ 200 ಕಲ್ಲುಗಳನ್ನೂ ಮೇಲಿನಿಂದ ಬಿಟ್ಟೆ. ಅವುಗಳಲ್ಲಿ ಸುಮಾರು 70 ಕಲ್ಲು ಮೊದಲ ಮೂರು ಅಡ್ಡಮರಗಳ ಹಿಂದೆಯೇ ಸಿಕ್ಕಿದವು.

ನನಗೆ ಅತಿ ಇಷ್ಟವಾದದ್ದು ಸತ್ತ ಮೀನಿನ ಲೆಕ್ಕ. ಮೊಟ್ಟೆ ಇಟ್ಟ ಮೇಲೆ ಕೋಹೋ ಸಾಯುತ್ತದೆ. ಆ ದೇಹವೇ ಹುಳು, ಮರಿಮೀನು, ಕರಡಿ, ದಂಡೆಯ ಮರ ಎಲ್ಲಕ್ಕೂ ಊಟ. ಜೆಫ್ ಸೀಡರ್‌ಹೋಮ್ ಅನ್ನುವ ಸಂಶೋಧಕರು ಇದೇ ಪೆನಿನ್ಸುಲಾದಲ್ಲಿ 1980ರ ದಶಕದಲ್ಲೇ ಸತ್ತ ಕೋಹೋಗಳಿಗೆ ಗುರುತು ಕಟ್ಟಿ, ಹಳ್ಳದಲ್ಲಿ ಬಿದ್ದ ಮರಗಳೇ ಅವನ್ನು ತಡೆದು ಹಿಡಿಯುತ್ತವೆ ಅಂತ ತೋರಿಸಿದ್ದರು. ನಾವೂ ಅನುಮತಿ ಪಡೆದು 60 ಮೀನುಗಳಿಗೆ ಗುರುತು ಕಟ್ಟಿದೆವು. ಬೋಳು ಭಾಗದಲ್ಲಿ ಬಿಟ್ಟ 30ರಲ್ಲಿ ಎರಡು ವಾರದ ಮೇಲೆ ಉಳಿದದ್ದು ಮೂರೋ ನಾಲ್ಕೋ. ಮರ ಕೂರಿಸಿದ ಭಾಗದಲ್ಲಿ 16. ಇನ್ನೂ ಐದನ್ನು ಪ್ರಾಣಿಗಳು ಕಾಡಿನೊಳಗೆ ಎಳೆದಿದ್ದವು, ಒಂದು ಗುರುತು ಸ್ಪ್ರೂಸ್ ಬುಡದಲ್ಲೇ ಸಿಕ್ಕಿತು. ಸಮುದ್ರದ ಗೊಬ್ಬರ ಮರದ ಬೇರಿಗೆ ಬಂದು ಬಿದ್ದಿದ್ದನ್ನು ಕಣ್ಣಾರೆ ನೋಡಿದ ದಿನ ಅದು.

ನೀರಿನ ಬಿಸಿ ಬಗ್ಗೆ ದೊಡ್ಡ ಮಾತು ಹೇಳುವುದಿಲ್ಲ. ಇಂಥ ಹಳ್ಳಕ್ಕೆ ರಾಜ್ಯದ ಮಿತಿ 16 ಡಿಗ್ರಿ ಸೆಲ್ಸಿಯಸ್, ಏಳು ದಿನದ ಗರಿಷ್ಠಗಳ ಸರಾಸರಿ. ನಮ್ಮದು ಮೊದಲು 17 ದಾಟುತ್ತಿತ್ತು, ಈಗ 16ರ ಹತ್ತಿರ ಇದೆ. ದಂಡೆಯ ನೆರಳೂ ಬೆಳೆದಿರುವುದರಿಂದ ಎಲ್ಲಾ ಮರ ಕೂರಿಸಿದ್ದರಿಂದಲೇ ಅನ್ನಲಾಗದು.

2021-22ರ ಚಳಿಗಾಲದಲ್ಲಿ ಮೂರೇ ಗುಂಡಿ ಸಿಕ್ಕಿದ್ದವು. ಆ ಮರಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಹಳ್ಳದಲ್ಲಿದ್ದು, 2023ರ ವಸಂತದಲ್ಲಿ ಸಮುದ್ರಕ್ಕೆ ಇಳಿದವು. 2024ರಲ್ಲಿ ಅವು ತಿರುಗಿ ಬರುವ ಹೊತ್ತು. ಮೊದಲ ಮಳೆಯ ಮರುದಿನ ಏಳನೇ ಅಡ್ಡಮರದ ಹಿಂದೆ ಒಂದು ಕೆಂಪು ಗಂಡು, ಎರಡು ಹೆಣ್ಣು. ಒಂದು ಹೆಣ್ಣು ಬಾಲ ಬಡಿದು ಜಲ್ಲಿ ತೋಡುತ್ತಿತ್ತು. ಐದು ವರ್ಷದ ಹಿಂದೆ ಅಲ್ಲಿ ಬರೀ ಬಂಡೆ ಇತ್ತು.

ಮುಂದಿನ ಬೇಸಿಗೆಗೆ ಮೇಲಿನ ಕವಲು, 400 ಮೀಟರ್. ಮರಗಳಿಗೆ ಗುರುತು ಹಾಕಿ ಆಗಿದೆ. ಸೀಡರ್ ಬುಡ ಇನ್ನೂ ನಾಲ್ಕು ಬೇಕು.