ಅಳೆದು ನೋಡಿದ ಎದೆಯುರಿ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಭತ್ತದ ಸುಗ್ಗಿಯಲ್ಲಿ ಲಾರಿಗಳ ತೂಕ ಮುಗಿಸಿ ಮನೆ ಸೇರುವಾಗ ರಾತ್ರಿ ಹತ್ತೂವರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ; ಉಂಡ ಕೈ ಆರುವ ಮೊದಲೇ ಹಾಸಿಗೆ. ಒಂದು ಗಂಟೆಯ ಸುಮಾರಿಗೆ ಗಂಟಲಿಗೆ ಹುಳಿನೀರು ನುಗ್ಗಿ, ಕೆಮ್ಮುತ್ತ ಎದ್ದು ಕೂರುತ್ತಿದ್ದೆ. ಹೀಗೆಯೇ ನಾಲ್ಕು ವರ್ಷ ಕಳೆದವು.

ಜಠರದ ಆಮ್ಲ ಅನ್ನನಾಳಕ್ಕೆ ಮೇಲೇರುವ ರೋಗ ಇದು. ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಹುಣ್ಣು ಕಂಡ ಮೊದಲ ವೈದ್ಯರು ಶಸ್ತ್ರಚಿಕಿತ್ಸೆಯೇ ಒಳ್ಳೆಯದು ಎಂದರು. ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ ಶಾಲಿನಂತೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಶನ್ ಅದು. 1950ರ ದಶಕದಲ್ಲಿ ರುಡಾಲ್ಫ್ ನಿಸ್ಸೆನ್ ರೂಪಿಸಿದ ಈ ವಿಧಾನವನ್ನು ಈಗ ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತಾರೆ. ಅನೇಕರಿಗೆ ಅದರಿಂದ ನಿಜವಾದ ಬಿಡುಗಡೆ ಸಿಕ್ಕಿದೆ. ಕೆಲವರಿಗೆ ತೇಗು ಬಾರದೆ ಹೊಟ್ಟೆ ಉಬ್ಬುವುದು, ನುಂಗಲು ತೊಡಕಾಗುವುದು ಉಂಟು. ನನಗೆ ಹೆದರಿಕೆಯಾಯಿತು. ಬಳ್ಳಾರಿಗೆ ಹೋಗಿ ಇನ್ನೊಬ್ಬ ವೈದ್ಯರನ್ನು ಕಂಡೆ. ಅವರು ಮೊದಲು ಕೇಳಿದ್ದು, ‘ಮಾತ್ರೆ ಯಾವಾಗ ನುಂಗುತ್ತೀರಿ?’

ರಾತ್ರಿ ಊಟವಾದ ಮೇಲೆ ಎಂದೆ. ತಪ್ಪು ಅಲ್ಲಿಯೇ ಇತ್ತು. ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆ ಜಠರದಲ್ಲಿ ಈಗಾಗಲೇ ಇರುವ ಆಮ್ಲವನ್ನು ತಣಿಸುವುದಿಲ್ಲ; ಆಮ್ಲ ಸುರಿಸುವ ‘ಪಂಪು’ಗಳನ್ನು ಮುಚ್ಚುತ್ತದೆ, ಅದೂ ಕೆಲಸಕ್ಕೆ ಇಳಿದಿರುವ ಪಂಪುಗಳನ್ನು ಮಾತ್ರ. ಅವು ಕೆಲಸಕ್ಕೆ ಇಳಿಯುವುದು ನಾವು ಉಣ್ಣುವಾಗ. ಆದ್ದರಿಂದ ಊಟಕ್ಕೆ 30ರಿಂದ 60 ನಿಮಿಷ ಮೊದಲು ಮಾತ್ರೆ ನುಂಗಬೇಕು, ಉಣ್ಣುವ ಹೊತ್ತಿಗೆ ಅದು ರಕ್ತದಲ್ಲಿ ಸೇರಿರಬೇಕು. ನಾಲ್ಕು ವರ್ಷ ನಾನು ಹಣ ಕೊಟ್ಟು ಅರ್ಧ ಮದ್ದನ್ನಷ್ಟೇ ನುಂಗಿದ್ದೆ. ಈ ಮಾತನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂಬ ನೋವು ಈಗಲೂ ಇದೆ.

ಕತ್ತರಿ ಹಾಕುವ ಮೊದಲು ಅಳೆಯೋಣ ಎಂದರು ಅವರು. ಹೈದರಾಬಾದಿನಲ್ಲಿ, ಅನ್ನನಾಳಕ್ಕೆ ಏರುವ ಆಮ್ಲವನ್ನು ಅಳೆಯುವ 24 ಗಂಟೆಯ ಪಿಎಚ್ ಪರೀಕ್ಷೆ ಮಾಡಿಸಿದೆ. ಅದಕ್ಕೆ ಮೊದಲು ಒಂದು ವಾರ ಮಾತ್ರೆ ನಿಲ್ಲಿಸಬೇಕಾಯಿತು, ಆ ವಾರ ನರಕ. ಮೂಗಿನಿಂದ ಅನ್ನನಾಳಕ್ಕೆ ಸಣ್ಣ ನಳಿಕೆ ಇಳಿಸಿ, ಸೊಂಟಕ್ಕೆ ಒಂದು ಪೆಟ್ಟಿಗೆ ಕಟ್ಟಿದರು. ದಿನದಂತೆಯೇ ಉಣ್ಣಿ, ಮಲಗಿ ಎಂದರು. ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು; ಅದು 4ಕ್ಕಿಂತ ಕೆಳಗಿಳಿದ ಸಮಯ ಒಟ್ಟು ಸಮಯದ ಶೇ. 6ಕ್ಕಿಂತ ಹೆಚ್ಚಾದರೆ ರೋಗ ಖಚಿತ. ನನ್ನದು ಅದನ್ನು ದಾಟಿತ್ತು. ಆದರೆ ನಕ್ಷೆಯಲ್ಲಿ ಗೆರೆ ಕುಸಿದದ್ದು ಹೆಚ್ಚಾಗಿ ಒಂದೇ ಕಡೆ: ಉಂಡು ಮಲಗಿದ ಮೊದಲ ಎರಡು ಮೂರು ಗಂಟೆಗಳಲ್ಲಿ. ಅದನ್ನು ನೋಡಿ ನನಗೆ ಕಣ್ಣು ತೆರೆದಂತಾಯಿತು.

ಬಾಯಿಯ ಮೂಲಕವೇ ಒಳಹೋಗಿ ಅನ್ನನಾಳ, ಜಠರಗಳ ನಡುವಿನ ಕವಾಟ ಬಿಗಿಯುವ ಟಿಐಎಫ್, ಅದಕ್ಕೆ ರೇಡಿಯೋ ತರಂಗದ ಶಾಖ ಕೊಡುವ ಸ್ಟ್ರೆಟಾ, ಅದರ ಸುತ್ತ ತೊಡಿಸುವ ಆಯಸ್ಕಾಂತದ ಮಣಿಗಳ ಲಿಂಕ್ಸ್ ಉಂಗುರ, ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಎದೆ, ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ರಂಧ್ರದಿಂದ ಜಠರ ಮೇಲಕ್ಕೆ ಚಾಚುವ ಹರ್ನಿಯಾ 2 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಟಿಐಎಫ್ ಹೊಂದುತ್ತದೆ, ನನ್ನದು ಚಿಕ್ಕದೇ. ಆದರೂ ಆರು ತಿಂಗಳ ಕಾಲಾವಕಾಶ ಕೇಳಿದೆ.

ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು 15 ಸೆಂ.ಮೀ. ಎತ್ತರಿಸಿದೆ. ಎರಡು ದಿಂಬು ಏರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ, ಅದು ಬೇಡ. ಎಡಮಗ್ಗುಲಿಗೆ ಮಲಗುವುದನ್ನು ಕಲಿತೆ. ಆಗ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಊಟ ಮಾತ್ರ ದೊಡ್ಡ ಜಗಳವಾಯಿತು. ಕೊನೆಗೆ ಸುಗ್ಗಿಯಲ್ಲಿ ಏಳಕ್ಕೆ ಗಿರಣಿಗೇ ಬುತ್ತಿ ತರಿಸಿಕೊಂಡೆ. ಮಲಗುವುದಕ್ಕೆ ಮೂರು ಗಂಟೆ ಮೊದಲು ಹೊಟ್ಟೆ ತುಂಬಿರುತ್ತದೆ. ತೂಕ ಆರು ಕಿಲೋ ಇಳಿಯಿತು. ಸಂಜೆಯ ಮಿರ್ಚಿ, ಒಗ್ಗರಣೆ ವಾರಕ್ಕೊಮ್ಮೆ ಈಗಲೂ ತಿನ್ನುತ್ತೇನೆ.

ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಆಮ್ಲ ಇಮ್ಮಡಿಸಿ ಬಂದಂತಾಗುತ್ತದೆ. ವೈದ್ಯರ ಮಾತಿನಂತೆ 40 ಮಿಲಿಗ್ರಾಂನಿಂದ 20ಕ್ಕೆ ಇಳಿಸಿದ್ದೇನೆ. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡವರು ಇಟ್ಟಿಗೆ ಹುಡುಕುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎದೆಯುರಿ ಎಂದುಕೊಂಡದ್ದು ಹೃದಯದ್ದೂ ಆಗಿರಬಹುದು. ನಾನು ಮೊದಲು ಇಸಿಜಿ ಮಾಡಿಸಿದ್ದೆ.

ಟಿಐಎಫ್‌ನ ಕಾಗದಗಳು ಕಪಾಟಿನಲ್ಲಿವೆ. ಮುಂದಿನ ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯದಿದ್ದರೆ ಅವನ್ನು ಹಿಡಿದು ಮತ್ತೆ ಬಳ್ಳಾರಿಗೆ ಹೋಗುತ್ತೇನೆ.