ಬರೆದದ್ದಕ್ಕಿಂತ ತಿದ್ದಿದ್ದೇ ಜಾಸ್ತಿ

ಕಾಸರಗೋಡಿನಲ್ಲಿ ಕನ್ನಡ ಎಂ.ಎ. ಓದುವಾಗ ನಮಗೆ ಸಣ್ಣಕತೆಯ ಕಮ್ಮಟ ಇತ್ತು. ಇಲ್ಲಿ ಕನ್ನಡ ಎಂ.ಎ.ಗೆ ಸೇರುವವರು ಜಾಸ್ತಿ ಏನಿಲ್ಲ, ಒಂದು ಉದ್ದ ಮೇಜಿನ ಸುತ್ತ ಹಿಡಿಯುವಷ್ಟು ಜನ. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಮಲಯಾಳ, ಒಬ್ಬರದು ಕೊಂಕಣಿ, ನನ್ನದು ಹವ್ಯಕ. ಕತೆಯ ಜೆರಾಕ್ಸ್ ಮೊದಲೇ ಎಲ್ಲರಿಗೂ ಕೊಡಬೇಕು. ಅವರು ಓದಿ, ಬದಿಯಲ್ಲಿ ಗುರುತು ಹಾಕಿ ತರಬೇಕು. ಚರ್ಚೆ ಮುಗಿಯುವ ತನಕ ಬರೆದವರು ಬಾಯಿ ಬಿಡುವ ಹಾಗಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಕಮ್ಮಟದಿಂದ ಹೆಸರಾದ ಕ್ರಮ ಇದು.

ಬಾಯಿ ಮುಚ್ಚಿ ಕೂರುವುದು ಮಹಾ ಕಷ್ಟ. ಆದರೆ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಕತೆ ಅಚ್ಚಾದ ಮೇಲೆ ಓದುಗರ ಮನೆಗೆ ಹೋಗಿ 'ನಾನು ಹೇಳಲು ಹೊರಟದ್ದು ಹೀಗೆ' ಅನ್ನಲು ಆಗುತ್ತದಾ?

ನನ್ನ ಕತೆ ನಡೆಯುವುದು ಮಳೆ ಸ್ವಲ್ಪ ಬಿಟ್ಟ ಒಂದು ದಿನ, ಅಡಿಕೆ ತೋಟದಲ್ಲಿ. ಕೊಳೆರೋಗಕ್ಕೆ ಮದ್ದು ಬಿಡಬೇಕು. ಮರ ಹತ್ತುವ ಐತಪ್ಪ ಇದ್ದಾನೆ, ಬೆಂಗಳೂರಿನಿಂದ ಬಂದ ಧಣಿಯ ಮಗ ಇದ್ದಾನೆ. ಮೊದಲ ಪ್ರತಿಯಲ್ಲಿ ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ ಲೆಕ್ಕವನ್ನೇ ಒಂದು ಪ್ಯಾರಾ ಬರೆದಿದ್ದೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ತೋಟ ಇರುವ ಮನೆಯ ಗೆಳೆಯ ಅದಕ್ಕೆ ಗೀಟು ಹಾಕಿ 'ಇದು ಗೊತ್ತುಂಟು ಮಾರಾಯ' ಅಂತ ಬರೆದಿದ್ದ. ಕುಂಬಳೆ ಕಡಲಬದಿಯ ಗೆಳತಿ ಕೇಳಿದಳು, 'ಮದ್ದು ಯಾಕೆ? ಯಾರಿಗೆ ಹುಷಾರಿಲ್ಲ?'

ಇಬ್ಬರಿಗೂ ಆಗುವ ಹಾಗೆ ಬರೆಯುವುದು ಹೇಗೆ? ಲೆಕ್ಕ ತೆಗೆದು ಕೆಲಸವನ್ನು ಐತಪ್ಪನ ಕೈಗೆ ಕೊಟ್ಟೆ. ಈಗ ಅದು ಹೀಗಿದೆ:

'ಐತಪ್ಪ ಕತ್ತಿಯ ಬಾಯಿಯನ್ನು ಡ್ರಮ್ಮಿನ ನೀಲಿ ನೀರಿಗೆ ಅದ್ದಿ ಎತ್ತಿದ. ಅಲಗಿಗೆ ಕೆಂಪು ಹತ್ತಿತ್ತು. "ಸುಣ್ಣ ಸಾಲದು," ಅಂದ. "ಹೀಗೇ ಬಿಟ್ಟರೆ ಸಿಂಗಾರ ಸುಡುತ್ತದೆ." ಧಣಿಯ ಮಗ ಫೋನಿನಿಂದ ತಲೆ ಎತ್ತಲಿಲ್ಲ.'

ಸುಣ್ಣ ಕಡಿಮೆಯಾಗಿ ಹುಳಿ ಜಾಸ್ತಿಯಾದರೆ ಮೈಲುತುತ್ತಿನ ತಾಮ್ರ ಕಬ್ಬಿಣಕ್ಕೆ ಹತ್ತುತ್ತದೆ, ಸಿಂಗಾರ ಅಂದರೆ ಅಡಿಕೆಯ ಹೂಗೊಂಚಲು ಸುಡುತ್ತದೆ, ಅಷ್ಟೇ ಸಂಗತಿ. ಅದನ್ನು ಕತೆಯಲ್ಲಿ ವಿವರಿಸಲಿಲ್ಲ. ಗೆಳತಿಗೆ ಅರ್ಥವಾಯಿತು. ಇಬ್ಬರಲ್ಲಿ ಯಾರಿಗೆ ತೋಟದ ಚಿಂತೆ ಅನ್ನುವುದೂ ಅಲ್ಲೇ ಬಂದುಬಿಟ್ಟಿತು.

ಮಾತುಕತೆ ತಿದ್ದಲು ಇನ್ನೂ ಹೊತ್ತು ಹಿಡಿಯಿತು. ನಮ್ಮಲ್ಲಿ ಒಂದೇ ಜಗಲಿಯಲ್ಲಿ ಮೂರು ಭಾಷೆ ಓಡುತ್ತದೆ. ತುಳುವನ್ನು ತುಳುವಿನಲ್ಲೇ ಬರೆದು ಕಂಸದಲ್ಲಿ ಕನ್ನಡ ಕೊಟ್ಟಿದ್ದೆ. ಗಟ್ಟಿಯಾಗಿ ಓದುವಾಗ ಎಲ್ಲರೂ ಅಲ್ಲಿ ಎಡವಿದರು. ಆಮೇಲೆ ಮಾತನ್ನೆಲ್ಲ ಕನ್ನಡಕ್ಕೆ ತಂದು, ಯಾರು ಯಾರ ಹತ್ತಿರ ಯಾವ ಭಾಷೆ ಆಡುತ್ತಾರೆ ಅನ್ನುವುದನ್ನು ಮಾತ್ರ ಹೇಳಿದೆ. ಐತಪ್ಪ ಧಣಿಯ ಹತ್ತಿರ ತುಳು ಮಾತಾಡುತ್ತಾನೆ, ಪಂಪು ರಿಪೇರಿಯ ಹುಡುಗನ ಹತ್ತಿರ ಮಲಯಾಳ. ಹಾಸ್ಟೆಲಿನಲ್ಲೇ ಬೆಳೆದ ಧಣಿಯ ಮಗನಿಗೆ ಮಲಯಾಳ ಬಾರದು. ಅಂದರೆ ಅವರಿಬ್ಬರೂ ಅವನ ಎದುರೇ ಅವನ ಬಗ್ಗೆ, ಅವನು ತೋಟ ಮಾರುವ ಬಗ್ಗೆ ಮಾತಾಡಬಹುದು! ಮೊದಲ ಪ್ರತಿಯಲ್ಲಿ ತೋಟ ಮಾರುವ ವಿಷಯವೇ ಇರಲಿಲ್ಲ. ಭಾಷೆಯ ತೊಡಕು ಬಿಡಿಸಲು ಹೋಗಿ ಕತೆಯೇ ಸಿಕ್ಕಿತು.

ಕತೆಯ ಕೊನೆಯ ಎರಡು ಪ್ಯಾರಾ ಸುಮ್ನೆ ತೆಗೆದುಹಾಕಿದೆ. ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ.

ಎಲ್ಲ ಸಲಹೆಯನ್ನೂ ತೆಗೆದುಕೊಂಡೆ ಅಂತಲ್ಲ. ಒಂದೇ ಜಾಗದಲ್ಲಿ ಇಬ್ಬರು ಮೂವರು ಎಡವಿದರೆ ತಿದ್ದುತ್ತಿದ್ದೆ. ಒಬ್ಬರದೇ ಇಷ್ಟಾನಿಷ್ಟ ಆದರೆ ಬಿಡುತ್ತಿದ್ದೆ. ಒಂದು ಸಲಹೆ ಮಾತ್ರ ಸುಮಾರು ದಿನ ತಲೆ ತಿಂದಿತು: 'ಕಾಸರಗೋಡಿನ ಕತೆ ಅಲ್ವಾ, ಎಂಡೋಸಲ್ಫಾನ್ ಬರಬೇಡವಾ?' ಗಡಿನಾಡಿನವರು ಬರೆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ವಿಲೀನ ಬರಬೇಕು, ಇಲ್ಲವೇ ಎಂಡೋಸಲ್ಫಾನ್ ಬರಬೇಕು ಅನ್ನುವ ನಿರೀಕ್ಷೆ ಹೊರಗಿನವರಿಗೆ ಮಾತ್ರ ಅಲ್ಲ, ನಮಗೂ ಉಂಟು. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿದ್ದದ್ದು ಗೇರು ಪ್ಲಾಂಟೇಶನ್ ಮೇಲೆ, ಹೆಲಿಕಾಪ್ಟರಿನಿಂದ, 2000ದ ತನಕ. ನನ್ನ ಐತಪ್ಪ ಬಿಡುವುದು ತುತ್ತು-ಸುಣ್ಣ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿದರೆ ಎರಡಕ್ಕೂ ಅನ್ಯಾಯ. ಎಂಡೋಸಲ್ಫಾನ್ ಬಗ್ಗೆ ಬರೆಯುವುದಾದರೆ ಅದು ಬಿದ್ದ ಎಣ್ಮಕಜೆ, ಸ್ವರ್ಗ ಅನ್ನುವ ಊರುಗಳ ಕಡೆ ಹೋಗಿ ಜನರ ಹತ್ತಿರ ಕೂತು ಮಾತಾಡಬೇಕು. ಇನ್ನೂ ಹೋಗಿಲ್ಲ.